ಓದದೇ ಸಂದರ್ಶನಕ್ಕೆ ಹೋದರೆ ಏನಾಗುತ್ತೆ?

ನಮ್ಮ ಪತ್ರಿಕೆಗೆ ಸಾಹಿತಿಗಳ ಸಂದರ್ಶನ ಮಾಡೋದು ಹೇಗೆ ಅಂತ ಸಂಘಕ್ಕೆ ಹೊಸದಾಗಿ ಸೇರಿದವರು ಕೇಳುತ್ತಲೇ ಇರುತ್ತಾರೆ. ಹೇಗೆ ಮಾಡಬಾರದು ಅನ್ನೋದು ನಮಗೆ ಚೆನ್ನಾಗಿ ಗೊತ್ತು. ಅಲ್ಲಿಂದಲೇ ಶುರು ಮಾಡ್ತೀವಿ.

ನಾವು ಮೂವರು ಒಬ್ಬ ಕಥೆಗಾರ್ತಿಯ ಮನೆಗೆ ಹೋಗಿದ್ವಿ. ಪತ್ರಿಕೆಯಲ್ಲಿ ಬಂದ ಸಂದರ್ಶನಗಳಲ್ಲಿ ಅದು ಯಾವುದು ಅಂತ ಹೇಳಲ್ಲ, ಕಾರಣ ಕೊನೆಯಲ್ಲಿ ಗೊತ್ತಾಗುತ್ತೆ. ಕೈಯಲ್ಲಿ 12 ಪ್ರಶ್ನೆಗಳ ಪಟ್ಟಿ ಇತ್ತು. ಮೊದಲನೆಯದು: "ಮೇಡಂ, ನಿಮಗೆ ಬರೆಯೋಕೆ ಸ್ಫೂರ್ತಿ ಯಾರು?"

ಅವರು ನಕ್ಕರು. "ಹೇಳ್ತೀನಿ. ಅದಕ್ಕೆ ಮುಂಚೆ, ನನ್ನ ಯಾವ ಕಥೆ ಓದಿದೀರಿ?"

ಮೂವರೂ ಮುಖ ಮುಖ ನೋಡಿಕೊಂಡ್ವಿ. ನಾವು ಓದಿದ್ದು ಅವರ ವಿಕಿಪೀಡಿಯ ಪುಟ ಮಾತ್ರ. ರೆಕಾರ್ಡನ್ನು ಗೆಳೆಯನದ್ದು ನೋಡಿ ಇಳಿಸಿಕೊಂಡು ವೈವಾಕ್ಕೆ ಕೂತಾಗ, ಎಕ್ಸ್‌ಟರ್ನಲ್ "ಈ ರೀಡಿಂಗ್ ಹೇಗೆ ಬಂತು?" ಅಂತ ಕೇಳಿದರೆ ಹೊಟ್ಟೆಯಲ್ಲಿ ಏನಾಗುತ್ತೋ ಅದೇ ಆಯ್ತು. ಮೇಡಂ ಬೈಯಲಿಲ್ಲ. ಕಾಫಿ ಕೊಟ್ಟರು. ಹೊರಡುವಾಗ ಒಂದು ಕಥಾಸಂಕಲನ ಕೈಗಿಟ್ಟು, "ಓದಿ ಬನ್ನಿ. ಇಷ್ಟ ಆಗದಿದ್ರೂ ಬನ್ನಿ" ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ. ಆಮೇಲೆ ಕಲಿತದ್ದನ್ನು ಪಾಠದ ಥರ ಕೆಳಗೆ ಬರೆದಿದ್ದೀವಿ.

1. ಪ್ರಶಸ್ತಿಗೆ ಮುಂಚೆಯೇ ಗಮನಿಸಿ

ನಮ್ಮಲ್ಲಿ ಹೆಚ್ಚಿನವರು ಬಾನು ಮುಷ್ತಾಕ್ ಅವರ ಹೆಸರು ಕೇಳಿದ್ದೇ 2025ರ ಮೇ ತಿಂಗಳಲ್ಲಿ, 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬುಕರ್ ಬಂದಾಗ. ಅಷ್ಟೊತ್ತಿಗೆ ಅವರು ಹಾಸನದಲ್ಲಿ ವಕೀಲರಾಗಿದ್ದುಕೊಂಡು ದಶಕಗಳಿಂದ ಬರೆಯುತ್ತಿದ್ದರು. ಅವರ ಕಥೆ ಆಧರಿಸಿ ಗಿರೀಶ್ ಕಾಸರವಳ್ಳಿಯವರು 'ಹಸೀನಾ' ಸಿನಿಮಾ ಮಾಡಿ ಎಷ್ಟೋ ವರ್ಷ ಆಗಿತ್ತು. ಲಂಡನ್ನಿನಿಂದ ಸುದ್ದಿ ಬರೋವರೆಗೆ ಹಾಸನದವರನ್ನು ನಾವು ಓದಿರಲಿಲ್ಲ. ಇದು ನಾಚಿಕೆಯ ವಿಷಯವೇ.

ಹಾಗಾದರೆ ಏನು ಮಾಡಬೇಕು? ದೊಡ್ಡ ಕೆಲಸ ಏನಿಲ್ಲ. 'ಮಯೂರ' ಮಾಸಪತ್ರಿಕೆ, ಪೇಪರುಗಳ ಭಾನುವಾರದ ಪುರವಣಿ, ದೀಪಾವಳಿ ವಿಶೇಷಾಂಕ, ಇವುಗಳಲ್ಲಿ ತಿಂಗಳಿಗೆ ಎರಡು ಕಥೆ ಓದಿ. ಇಷ್ಟವಾದವರ ಹೆಸರು ಬರೆದಿಟ್ಟುಕೊಳ್ಳಿ. ಪುಸ್ತಕ ಬಿಡುಗಡೆಗೆ ಹೋಗಿ, ಪ್ರವೇಶ ಸಾಮಾನ್ಯವಾಗಿ ಉಚಿತ, ಕೆಲವು ಕಡೆ ಉಪ್ಪಿಟ್ಟು ಕಾಫಿನೂ ಇರುತ್ತೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 35 ವರ್ಷದೊಳಗಿನವರಿಗೆ ಕೊಡುವಂಥದ್ದು, ಆ ಪಟ್ಟಿ ನೋಡಿದರೆ ನಮಗಿಂತ ಸ್ವಲ್ಪವೇ ದೊಡ್ಡವರು ಏನು ಬರೆಯುತ್ತಿದ್ದಾರೆ ಅಂತ ತಿಳಿಯುತ್ತೆ.

"ಇಂಜಿನಿಯರಿಂಗ್ ಓದೋರಿಗೆ ಇದೆಲ್ಲ ಯಾಕೆ" ಅನ್ನೋರಿಗೆ ಎರಡು ಹೆಸರು ಹೇಳ್ತೀವಿ. 'ಘಾಚರ್ ಘೋಚರ್' ಬರೆದ ವಿವೇಕ ಶಾನಭಾಗರು ಓದಿದ್ದು ಇಂಜಿನಿಯರಿಂಗ್. 'ತೇಜೋ ತುಂಗಭದ್ರಾ' ಬರೆದ ವಸುಧೇಂದ್ರರು ಸುರತ್ಕಲ್ಲಿನಲ್ಲಿ ಓದಿ, ಸಾಫ್ಟ್‌ವೇರ್ ಕೆಲಸ ಮಾಡಿದವರು. ಅವರ 'ಛಂದ ಪುಸ್ತಕ' ಹೊಸ ಕಥೆಗಾರರಿಗಾಗಿ ಹಸ್ತಪ್ರತಿ ಸ್ಪರ್ಧೆಯನ್ನೂ ನಡೆಸಿದೆ.

2. ನಿಧಾನವಾದರೂ ಪೂರ್ತಿ ಓದಿ

ನಾವು ಇಂಗ್ಲಿಷ್ ಮೀಡಿಯಂನವರು. ಹತ್ತನೇ ಕ್ಲಾಸಿನ ಪರೀಕ್ಷೆ ಆದಮೇಲೆ ಕನ್ನಡದಲ್ಲಿ ಓದಿದ್ದು ಬಸ್ಸಿನ ಬೋರ್ಡು, ಸಿನಿಮಾ ಪೋಸ್ಟರು. ಮೊದಲ ಪುಟಕ್ಕೆ ಹತ್ತು ನಿಮಿಷ ಹಿಡಿಯಿತು. ಆಮೇಲೆ ಹಾಸ್ಟೆಲ್ ರೂಮಿನಲ್ಲಿ ಒಬ್ಬರು ಗಟ್ಟಿಯಾಗಿ ಓದೋದು, ಉಳಿದವರು ಕೇಳೋದು ಅಂತ ಮಾಡಿಕೊಂಡ್ವಿ. ಕಣ್ಣಿಗೆ ಕಷ್ಟವಾದ ಪದ ಕಿವಿಗೆ ಬಿದ್ದ ಕೂಡಲೇ ಗೊತ್ತಾಗುತ್ತಿತ್ತು. "ಅಯ್ಯೋ, ಇದು ನಮ್ಮಜ್ಜಿ ಆಡೋ ಮಾತು!" ಅಂತ ಎಷ್ಟು ಸಲ ಅಂದುಕೊಂಡ್ವೋ. 18 ದಿನಕ್ಕೆ ಪುಸ್ತಕ ಮುಗಿಯಿತು.

ಓದುವಾಗ ಪೆನ್ಸಿಲ್ ಇರಲಿ. ಅರ್ಥವಾಗದ ಕಡೆ ಒಂದು ಗುರುತು, ಬೆರಗಾದ ಕಡೆ ಇನ್ನೊಂದು, ಮತ್ತೆ ಮತ್ತೆ ಬರುವ ವಿಷಯಕ್ಕೆ ಮೂರನೆಯದು. ಪ್ರಶ್ನೆಗಳು ಈ ಗುರುತುಗಳಿಂದಲೇ ಹುಟ್ಟುತ್ತವೆ.

3. ಪ್ರಶ್ನೆ ಪುಟದಿಂದ ಬರಲಿ

ನಾವು ಈಗ ಪ್ರತಿ ಪ್ರಶ್ನೆಗೂ ಒಂದು ಟೆಸ್ಟ್ ಮಾಡ್ತೀವಿ. ಇದನ್ನು ಬೇರೆ ಯಾವ ಲೇಖಕರಿಗಾದರೂ ಕೇಳಬಹುದಾ? ಕೇಳಬಹುದು ಅಂತಾದರೆ ಹೊಡೆದುಹಾಕಿ.

ಉದಾಹರಣೆಗೆ, 'ಹಾರ್ಟ್ ಲ್ಯಾಂಪ್' ಬಗ್ಗೆ "ಪ್ರಶಸ್ತಿ ಬಂದಾಗ ಹೇಗನಿಸಿತು?" ಅಂತ ಪುಸ್ತಕ ಮುಟ್ಟದವರೂ ಕೇಳಬಹುದು. ಆದರೆ ಅನುವಾದಕಿ ದೀಪಾ ಭಾಸ್ತಿಯವರು ಕನ್ನಡ, ಉರ್ದು ಪದಗಳನ್ನು ಇಂಗ್ಲಿಷಿನ ನಡುವೆ ಹಾಗೇ ಬಿಟ್ಟಿದ್ದಾರೆ. ಓರೆ ಅಕ್ಷರ ಇಲ್ಲ, ಅಡಿಟಿಪ್ಪಣಿನೂ ಇಲ್ಲ. ಯಾಕೆ ಹಾಗೆ ಮಾಡಿದರು, ಯಾವ ಪದ ಬಿಟ್ಟರು, ಯಾವುದನ್ನು ಅನುವಾದ ಮಾಡಿದರು? ಇದನ್ನು ಓದಿದವರು ಮಾತ್ರ ಕೇಳೋಕೆ ಸಾಧ್ಯ. ಆ ಬಹುಮಾನದ ಹಣ ಲೇಖಕಿ, ಅನುವಾದಕಿ ಇಬ್ಬರಿಗೂ ಸಮಪಾಲು. ಆದ್ದರಿಂದ ಅನುವಾದಕರನ್ನೂ ಮಾತಾಡಿಸಿ, ಅವರನ್ನು ಕೇಳೋರು ಕಡಿಮೆ.

ಎರಡನೇ ಸಲ ಹೋದಾಗ ನಮ್ಮ ಹತ್ತಿರ ಐದೇ ಪ್ರಶ್ನೆ ಇದ್ದವು. ಅದರಲ್ಲಿ ಒಂದು: "ಮೇಡಂ, ನಾಲ್ಕು ಕಥೆಗಳಲ್ಲಿ ಯಾರಾದರೂ ಬಸ್ಸಿಗೆ ಕಾಯ್ತಾ ಇರ್ತಾರೆ. ಒಂದರಲ್ಲೂ ಬಸ್ಸು ಬರೋದೇ ಇಲ್ಲ. ಯಾಕೆ?"

"ನಾನೇ ಗಮನಿಸಿರಲಿಲ್ಲವಲ್ರಪ್ಪ" ಅಂದರು. ಆಮೇಲೆ ಸುಮ್ಮನಾದರು.

4. ಸುಮ್ಮನಿರೋದನ್ನು ಕಲಿಯಿರಿ

ಆ ಮೌನ ಒಂದು ನಿಮಿಷವೂ ಇರಲಿಲ್ಲವೇನೋ. ನಮಗೆ ಒಂದು ಪೀರಿಯಡ್ಡಿನಷ್ಟು ಉದ್ದ ಅನಿಸಿತು. ನಮ್ಮಲ್ಲೊಬ್ಬ ಮುಂದಿನ ಪ್ರಶ್ನೆಗೆ ಬಾಯಿ ತೆರೆದಾಗ ಪಕ್ಕದವಳು ಮೊಣಕಾಲು ಒತ್ತಿದಳು. ಆಮೇಲೆ ಮೇಡಂ ತಮ್ಮೂರಿನ ಬಗ್ಗೆ, ದಿನಕ್ಕೆ ಒಂದೇ ಸಲ ಬರುತ್ತಿದ್ದ ಬಸ್ಸಿನ ಬಗ್ಗೆ, ಅದು ತಪ್ಪಿದ ದಿನ ಮನೆಯಲ್ಲಿ ನಡೆದದ್ದರ ಬಗ್ಗೆ 20 ನಿಮಿಷ ಮಾತಾಡಿದರು. ಬಾಯಿ ಹಾಕಿದ್ದರೆ ಅದೆಲ್ಲ ಸಿಗುತ್ತಿರಲಿಲ್ಲ.

ರೆಕಾರ್ಡ್ ಮಾಡೋದಿದ್ದರೆ ಮೊದಲೇ ಅನುಮತಿ ಕೇಳಿ. ಎರಡು ಫೋನಿನಲ್ಲಿ ಮಾಡಿ, ಎರಡನ್ನೂ ಫ್ಲೈಟ್ ಮೋಡ್‌ಗೆ ಹಾಕಿ. ಫ್ಯಾನಿನ ಕೆಳಗೆ ಫೋನ್ ಇಡಬೇಡಿ, ಬರೀ ಫ್ಯಾನೇ ಕೇಳಿಸುತ್ತೆ.

5. ಬರೆದಮೇಲೆ ತೋರಿಸಿ

70 ನಿಮಿಷದ ರೆಕಾರ್ಡಿಂಗ್ ಟೈಪ್ ಮಾಡೋಕೆ ಎರಡು ಭಾನುವಾರ ಬೇಕಾಯಿತು. ಅವರ ಆಡುಮಾತನ್ನು 'ಶುದ್ಧ' ಮಾಡೋಕೆ ಹೋಗಬೇಡಿ. "ಬರ್ತಿರ್ಲಿಲ್ಲ" ಅಂದಿದ್ದನ್ನು "ಆಗಮಿಸುತ್ತಿರಲಿಲ್ಲ" ಅಂತ ಬರೆದರೆ ಅಲ್ಲಿ ಮಾತಾಡಿದವರೇ ಇರಲ್ಲ.

ಬರೆದದ್ದನ್ನು ಅಚ್ಚಿಗೆ ಮುಂಚೆ ಅವರಿಗೆ ತೋರಿಸಬೇಕಾ ಅನ್ನೋದರ ಬಗ್ಗೆ ಎರಡು ಅಭಿಪ್ರಾಯ ಇದೆ. ಸುದ್ದಿ ಪತ್ರಕರ್ತರು ಸಾಮಾನ್ಯವಾಗಿ ತೋರಿಸಲ್ಲ. ಆದರೆ 1953ರಲ್ಲಿ ಶುರುವಾದ 'ದಿ ಪ್ಯಾರಿಸ್ ರಿವ್ಯೂ' ಪತ್ರಿಕೆ ತನ್ನ ಹೆಸರಾಂತ ಲೇಖಕ ಸಂದರ್ಶನಗಳನ್ನು ಲೇಖಕರಿಗೇ ಕೊಟ್ಟು ತಿದ್ದಿಸುವ ಪದ್ಧತಿ ಇಟ್ಟುಕೊಂಡಿದೆ. ನಾವೂ ಕಳಿಸಿದ್ವಿ.

ಮೂರನೇ ದಿನ ಮೇಡಂ ಫೋನ್ ಮಾಡಿದರು. "ಎಲ್ಲ ಚೆನ್ನಾಗಿದೆ. ಮನೆಯವರ ಬಗ್ಗೆ ಹೇಳಿದೆನಲ್ಲ, ಆ ಒಂದು ಭಾಗ ತೆಗೆದುಬಿಡ್ರಪ್ಪ. ಓದಿ ನೋಯೋರು ಇನ್ನೂ ಇದಾರೆ."

ಇಡೀ ಸಂದರ್ಶನದಲ್ಲಿ ಅದೇ ಜೀವ ಇದ್ದ ಭಾಗ. ಅವತ್ತು ರಾತ್ರಿ ಮೆಸ್ಸಿನಲ್ಲಿ ನಮ್ಮೊಳಗೇ ಜಗಳ ಆಯ್ತು. "ಅನುಮತಿ ಕೇಳಿಯೇ ರೆಕಾರ್ಡ್ ಮಾಡಿದ್ದು, ಅವರೇ ಹೇಳಿದ್ದು" ಅಂತ ಒಬ್ಬ. "ನಿಮ್ಮನೆ ವಿಷಯ ಆಗಿದ್ರೆ?" ಅಂತ ಇನ್ನೊಬ್ಬಳು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಕೊನೆಗೆ ತೆಗೆದ್ವಿ, ಎರಡೂ ಫೋನಿನಿಂದ ಆ ಭಾಗ ಅಳಿಸಿದ್ವಿ. ಸಂದರ್ಶನ ಸ್ವಲ್ಪ ಸಪ್ಪೆಯಾಯಿತು ಅಂತ ನಮಗೆ ಈಗಲೂ ಅನಿಸುತ್ತೆ. ಆದರೆ ಮೊದಲ ಸಲ ಬರಿಗೈಯಲ್ಲಿ ಹೋದವರನ್ನು ಎರಡನೇ ಸಲ ಬಾಗಿಲು ತೆಗೆದು ಒಳಗೆ ಕರೆದವರು ಅವರು. ಆ ನಂಬಿಕೆ ಉಳಿಸಿಕೊಳ್ಳೋದೂ ಸಂದರ್ಶನದ ಕೆಲಸವೇ ಅಂತ ನಾವು ಒಪ್ಪಿಕೊಂಡಿದ್ದೀವಿ.

ಮುಂದಿನ ಸಂಚಿಕೆಯ ಸಂದರ್ಶನಕ್ಕೆ ಇಬ್ಬರು ಬೇಕಾಗಿದ್ದಾರೆ. ಒಳ್ಳೆ ಕ್ಯಾಮೆರಾ ಇರಬೇಕು ಅಂತೇನಿಲ್ಲ, ಕನ್ನಡ ನಿಧಾನವಾಗಿ ಓದುವವರಾದರೂ ಪರವಾಗಿಲ್ಲ, ನಾವೂ ಹಾಗೇ ಓದಿದವರು. ಯಾವುದಾದರೂ ಒಂದು ಕನ್ನಡ ಪುಸ್ತಕ ಪೂರ್ತಿ ಓದಿ, ಅದರ ಲೇಖಕರಿಗೆ ಮಾತ್ರ ಕೇಳಬಹುದಾದ ಒಂದು ಪ್ರಶ್ನೆ ಬರೆದುಕೊಂಡು ಸಂಘದ ರೂಮಿಗೆ ಬನ್ನಿ. ಪುಸ್ತಕ ಇಲ್ಲದಿದ್ದರೆ ಮೇಡಂ ಕೊಟ್ಟ ಸಂಕಲನ ನಮ್ಮ ಹತ್ತಿರ ಇದೆ, ಪೆನ್ಸಿಲ್ ಗುರುತುಗಳ ಸಮೇತ ಕೊಡ್ತೀವಿ.