ಆಸೆಯೇ ದುಃಖಕ್ಕೆ ಮೂಲ: ಇಷ್ಟು ಹೇಳಿದರೆ ಸಾಕೇ?

 

ಬುದ್ಧರು ಏನು ಬೋಧಿಸಿದರು ಎಂದು ಶಾಲೆಯ ಮಕ್ಕಳನ್ನು ಕೇಳಿದರೆ ಥಟ್ಟನೆ ಬರುವ ಉತ್ತರ 'ಆಸೆಯೇ ದುಃಖಕ್ಕೆ ಮೂಲ'. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಅಷ್ಟು ಸಾಕು. ಆದರೆ 45 ವರ್ಷ ಊರೂರು ನಡೆದು ಬೋಧಿಸಿದ ಗುರುವಿನ ಮಾತನ್ನು ನಾವು ಮೂರು ಪದಗಳಿಗೆ ಇಳಿಸಿಬಿಟ್ಟಿದ್ದೇವೆ. ಇಂದು ಆ ಪದಗಳನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು 'ಆಸೆ'. ಸಾರನಾಥದ ಇಸಿಪತನದಲ್ಲಿ ಐವರಿಗೆ ಮಾಡಿದ ಮೊದಲ ಬೋಧನೆಯಲ್ಲಿ ಬರುವ ಪಾಲಿ ಪದ 'ತಣ್ಹಾ'. ಸಂಸ್ಕೃತದಲ್ಲಿ ತೃಷ್ಣಾ, ಅಂದರೆ ನೀರಡಿಕೆ. ಸಿಕ್ಕಷ್ಟೂ ತೀರದೆ, ಇಲ್ಲಿಂದ ಅಲ್ಲಿಗೆ ಅಂಟಿಕೊಳ್ಳುತ್ತಾ ಹೋಗುವ ದಾಹ ಅದು. ಕನ್ನಡದ 'ಆಸೆ' ಇದಕ್ಕಿಂತ ಬಹಳ ಅಗಲವಾದ ಪದ. ತವರಿಗೆ ಹೋಗಿಬರುವ ಆಸೆಯೂ ಆಸೆಯೇ, ಮಗಳು ಓದಲಿ ಎಂಬುದೂ ಆಸೆಯೇ, ಪಕ್ಕದವರ ಹೊಲ ಒತ್ತುವರಿ ಮಾಡುವುದೂ ಆಸೆಯೇ. ಪಾಲಿಯಲ್ಲಿ ಇದರ ಜೊತೆಗೆ 'ಛಂದ' ಎಂಬ ಇನ್ನೊಂದು ಪದವಿದೆ. ಏನನ್ನಾದರೂ ಮಾಡಬೇಕು ಎಂಬ ಮನಸ್ಸು ಅದು. ಅದು ಯಾವುದರ ಕಡೆ ಮುಖ ಮಾಡಿದೆ ಎಂಬುದರ ಮೇಲೆ ಒಳ್ಳೆಯದೂ ಆಗಬಹುದು, ಕೆಟ್ಟದೂ ಆಗಬಹುದು. ಅಷ್ಟಾಂಗ ಮಾರ್ಗದ ಸಮ್ಮಾ ವಾಯಾಮವನ್ನು ವಿವರಿಸುವಾಗ, ಒಳ್ಳೆಯದನ್ನು ಬೆಳೆಸುವ ಛಂದವನ್ನು ಹುಟ್ಟಿಸಿಕೊಳ್ಳಿ ಎಂದೇ ಬುದ್ಧರು ಹೇಳುತ್ತಾರೆ. ಆಸೆಯೆಲ್ಲ ಕೆಟ್ಟದ್ದಾಗಿದ್ದರೆ ಸಾಧಕರು ಹೆಜ್ಜೆ ಎತ್ತಿಡುವುದಾದರೂ ಹೇಗೆ?

ಇನ್ನೊಂದು ಸಂಗತಿ. ಅದೇ ಮೊದಲ ಬೋಧನೆಯಲ್ಲಿ ತಣ್ಹಾ ಮೂರು ಬಗೆ. ಇಂದ್ರಿಯ ಸುಖದ ದಾಹ ಕಾಮತಣ್ಹಾ. ಹೀಗೇ ಇರಬೇಕು, ಏನೋ ಆಗಬೇಕು ಎಂಬ ದಾಹ ಭವತಣ್ಹಾ. ಏನೂ ಬೇಡ, ಎಲ್ಲ ಇಲ್ಲವಾಗಲಿ ಎಂಬ ದಾಹ ವಿಭವತಣ್ಹಾ. ಈ ಮೂರನೆಯದನ್ನು ಗಮನಿಸಿ. ಬದುಕಿನ ಮೇಲೆ ಬೇಸರಪಟ್ಟು 'ನನಗೇನೂ ಬೇಡ' ಎಂದು ಕೈಚೆಲ್ಲುವುದು ವೈರಾಗ್ಯದಂತೆ ಕಾಣುತ್ತದೆ. ಅದೂ ದಾಹವೇ ಆಗಿರಬಹುದು.

ಇನ್ನು 'ಮೂಲ'. ಪಟಿಚ್ಚ ಸಮುಪ್ಪಾದದ 12 ಕೊಂಡಿಗಳಲ್ಲಿ ತಣ್ಹಾ ಎಂಟನೆಯದು. ಅದಕ್ಕೆ ಮೊದಲು ಸ್ಪರ್ಶವಿದೆ, ಸ್ಪರ್ಶದಿಂದ ಹುಟ್ಟುವ ವೇದನೆಯಿದೆ. ಸಾಲಿನ ಆರಂಭದಲ್ಲಿ ಇರುವುದು ಅವಿಜ್ಜಾ, ಅಂದರೆ ಅರಿವಿಲ್ಲದಿರುವುದು. ಕುರು ದೇಶದ ಕಮ್ಮಾಸಧಮ್ಮದಲ್ಲಿ ಒಮ್ಮೆ ಆನಂದರು, ಈ ಪಟಿಚ್ಚ ಸಮುಪ್ಪಾದ ಆಳವಾದದ್ದೆಂದು ಹೇಳುತ್ತಾರೆ, ಆದರೆ ನನಗೆ ಸಲೀಸಾಗಿ ತಿಳಿಯುತ್ತದೆ ಎಂದರು. ಹಾಗೆನ್ನಬೇಡ ಎಂದು ಬುದ್ಧರು ಅವರನ್ನು ತಡೆದರು. ಇದನ್ನು ತಿಳಿಯದ್ದರಿಂದಲೇ ಜನ ಸಿಕ್ಕುಸಿಕ್ಕಾದ ನೂಲಿನಂತೆ ಆಗಿದ್ದಾರೆ ಎಂದರು. ಸದಾ ಗುರುವಿನ ಪಕ್ಕದಲ್ಲೇ ಇದ್ದ ಆನಂದರಿಗೇ ಈ ಎಚ್ಚರಿಕೆ ಬೇಕಾಯಿತು.

ಇದು ಬರೀ ಪದಗಳ ಚರ್ಚೆಯಲ್ಲ. ನನ್ನ ಹತ್ತನೇ ತರಗತಿಯ ಒಬ್ಬ ಹುಡುಗಿಗೆ ನರ್ಸಿಂಗ್ ಓದುವ ಮನಸ್ಸು. 'ಆಸೆ ಕಮ್ಮಿ ಮಾಡ್ಕೋ, ಬುದ್ಧನೇ ಹೇಳಿದಾನೆ' ಎಂದು ಮನೆಯ ಹಿರಿಯರೊಬ್ಬರು ಬಾಯಿ ಮುಚ್ಚಿಸಿದರಂತೆ. ಮಗನಿಗೆ ಬೈಕ್ ಕೊಡಿಸುವಾಗ ಆ ಹಿರಿಯರಿಗೆ ಬುದ್ಧ ನೆನಪಾಗಿರಲಿಲ್ಲ. 'ಮಿಸ್, ಓದ್ಬೇಕು ಅನ್ನೋದೂ ದುಃಖಕ್ಕೆ ಮೂಲಾನಾ?' ಎಂದು ಅವಳು ಕೇಳಿದಳು.

ನಾನು ಅವಳಿಗೆ ಹೇಳಿದ್ದು ಕೋಸಂಬಿಯ ಘೋಸಿತಾರಾಮದಲ್ಲಿ ನಡೆದ ಪ್ರಸಂಗ. ಉಣ್ಣಾಭ ಎಂಬ ಬ್ರಾಹ್ಮಣ ಆನಂದರನ್ನು ಕೇಳುತ್ತಾನೆ: ಬಯಕೆಯನ್ನು ಬಿಡುವುದಕ್ಕೂ ಒಂದು ಬಯಕೆ ಬೇಕಲ್ಲ, ಹಾಗಾದರೆ ಇದು ಮುಗಿಯುವುದು ಯಾವಾಗ? ಆನಂದರು ಮರುಪ್ರಶ್ನೆ ಹಾಕುತ್ತಾರೆ: ಈ ಆರಾಮಕ್ಕೆ ಬರಬೇಕೆಂಬ ಬಯಕೆ ನಿನಗೆ ಮೊದಲು ಇತ್ತಲ್ಲವೇ? ಬಂದು ತಲುಪಿದ ಮೇಲೆ ಅದು ಶಮನವಾಯಿತಲ್ಲವೇ? ಉಣ್ಣಾಭ ಹೌದೆಂದ. ದಾರಿ ನಡೆಸುವ ಬಯಕೆ ತಲುಪಿದ ಮೇಲೆ ತಣಿಯುತ್ತದೆ. ತಣ್ಹಾ ತಲುಪಿದ ಮೇಲೂ ತಣಿಯುವುದಿಲ್ಲ. ಹುಡುಗಿಗೆ ವ್ಯತ್ಯಾಸ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಧಮ್ಮದ ಕಡೆಗೆ ನಡೆದದ್ದು ಘನತೆಯಿಂದ ಬದುಕಬೇಕೆಂಬ ಬಯಕೆಯಿಂದ. ಅದನ್ನು 'ಆಸೆ' ಎಂದು ತಳ್ಳಿಹಾಕಲು ಯಾರಿಗೆ ಸಾಧ್ಯ?

ಹಾಗಾದರೆ ಚಿಕ್ಕದಾಗಿ ಹೇಳುವುದೇ ತಪ್ಪೇ? ಅಲ್ಲ. ರಾಜಗೃಹದಲ್ಲಿ ಅಸ್ಸಜಿ ಭಿಕ್ಷು ಸಾರಿಪುತ್ತರಿಗೆ ಧಮ್ಮವನ್ನು ಕೆಲವೇ ಮಾತಿನಲ್ಲಿ ಹೇಳಿದರು. ಆದರೆ ಹೇಳುವ ಮೊದಲು, ನಾನು ಹೊಸಬ, ವಿವರವಾಗಿ ಹೇಳಲಾರೆ, ಸಾರವನ್ನಷ್ಟೇ ಹೇಳುತ್ತೇನೆ ಎಂದರು. ಆ ಮಾತು ಸಾರಿಪುತ್ತರ ಕಣ್ಣು ತೆರೆಸಿ ಗುರುವಿನ ಬಳಿಗೆ ಕರೆದೊಯ್ದಿತು. ಸಾರವನ್ನು ಸಾರವೆಂದು ತಿಳಿದು ಹೇಳಿದರೆ ಅದು ಕೇಳುವವರನ್ನು ಮುಂದಕ್ಕೆ ನಡೆಸುತ್ತದೆ. ಅದೇ ಸಾರವನ್ನು ಪೂರ್ತಿ ಧಮ್ಮವೆಂದು ಹೇಳಿದರೆ ಎದುರಿಗಿರುವವರ ಬಾಯಿ ಮುಚ್ಚಿಸುತ್ತದೆ.

ನಮ್ಮ ಸಾಲನ್ನು ನಾವು ಯಾರಿಗೆ ಹೇಳುತ್ತೇವೆ ಎಂದು ನೋಡಿಕೊಳ್ಳೋಣ. ಹೆಚ್ಚು ಕೂಲಿ ಕೇಳುವವರಿಗೆ, ಓದಬೇಕೆನ್ನುವ ಹುಡುಗಿಗೆ, ಹೊಸ ಬದುಕು ಬಯಸುವ ವಿಧವೆಗೆ ಹೇಳುತ್ತೇವೆ. ನಮಗೆ ನಾವೇ ಹೇಳಿಕೊಳ್ಳುವುದು ಅಪರೂಪ.

ಇಂದಿನ ಅಭ್ಯಾಸ: ಮನಸ್ಸಿನಲ್ಲಿ ಒಂದು ಆಸೆ ಎದ್ದಾಗ ಕೂಡಲೇ ಬೈದುಕೊಳ್ಳಬೇಡಿ. ಇದು ಎಲ್ಲಿಗೆ ಕರೆದೊಯ್ಯುತ್ತಿದೆ? ಸಿಕ್ಕ ಮೇಲೆ ತಣಿಯುತ್ತದೆಯೇ, ಇನ್ನಷ್ಟು ಬೇಕೆನ್ನುತ್ತದೆಯೇ? ಇದರಿಂದ ಯಾರಿಗಾದರೂ ನೋವಿದೆಯೇ? ಈ ಮೂರನ್ನು ಕೇಳಿಕೊಂಡು ಸುಮ್ಮನೆ ಗಮನಿಸಿ. ಬೇರೆಯವರ ಆಸೆಯ ಬಗ್ಗೆ ಇಂದೊಂದು ದಿನ ತೀರ್ಪು ಕೊಡದೆ ಇರೋಣ.

ಭವತು ಸಬ್ಬ ಮಂಗಲಂ.