ಫಾರ್ವರ್ಡ್ ಮಾಡಿದವರೂ ಸಾಕ್ಷಿಗಳೇ

ಯುವಜನರ ಪಾಠ: ಎಂಟನೇ ಕಟ್ಟಳೆ ಮತ್ತು ನಮ್ಮ ಮೊಬೈಲ್



ಈ ತಿಂಗಳ ಪಾಠವನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

2023ರ ಸೆಪ್ಟೆಂಬರ್ 6, ಬುಧವಾರ. ಮಾತೆ ಮರಿಯಮ್ಮನವರ ಜನನೋತ್ಸವಕ್ಕೆ ನೊವೆನಾ ನಡೆಯುತ್ತಿತ್ತು. ಅಂದು ನನ್ನ ಫೋನಿಗೆ ತಮಿಳು ಸುದ್ದಿಯೊಂದರ ಸ್ಕ್ರೀನ್‌ಶಾಟ್ ಬಂತು. ನಟಿ ರಮ್ಯಾ, ಅಂದರೆ ದಿವ್ಯ ಸ್ಪಂದನ, ಹೃದಯಾಘಾತದಿಂದ ತೀರಿಕೊಂಡರು ಎಂದಿತ್ತು. ಅದಕ್ಕೂ ಒಂದು ತಿಂಗಳ ಹಿಂದೆಯಷ್ಟೇ ನಟ ವಿಜಯ ರಾಘವೇಂದ್ರ ಅವರ ಪತ್ನಿ ಸ್ಪಂದನಾ ಬ್ಯಾಂಕಾಕ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು. ಆ ಸುದ್ದಿ ಇನ್ನೂ ಮನಸ್ಸಿನಲ್ಲಿದ್ದುದರಿಂದ ಇದನ್ನೂ ನಂಬಿಬಿಟ್ಟೆ. ನಮ್ಮ ಗುಂಪಿನಲ್ಲಿ ತಮಿಳು ಓದಲು ಬಾರದವರು ಇದ್ದಾರೆಂದು ನಾನೇ ನಾಲ್ಕು ಸಾಲು ಕನ್ನಡದಲ್ಲಿ ಬರೆದು, ಮೇಣದಬತ್ತಿಯ ಚಿತ್ರ ಸೇರಿಸಿ, ಯುವಜನರ ಗುಂಪಿಗೆ ಹಾಕಿದೆ.

ರಮ್ಯಾ ಆಗ ಜಿನೀವಾದಲ್ಲಿ ಆರೋಗ್ಯವಾಗಿದ್ದರು. ಸುದ್ದಿ ಸುಳ್ಳೆಂದು ತಿಳಿದೊಡನೆ ನಾನು ಮೆಸೇಜನ್ನು ಸದ್ದಿಲ್ಲದೆ ಅಳಿಸಿದೆ. ಕ್ಷಮೆ ಕೇಳಲಿಲ್ಲ, ಸುಳ್ಳಾಗಿತ್ತು ಎಂದು ಬರೆಯಲೂ ಇಲ್ಲ. ಯಾರೂ ಕೇಳದಿದ್ದರೆ ಸಾಕು ಎಂದುಕೊಂಡೆ.

ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ನಮ್ಮ ಬೀದಿಯ ಅಜ್ಜಿಯೊಬ್ಬರು ದೇವಾಲಯದ ಮೆಟ್ಟಿಲ ಬಳಿ ನನ್ನನ್ನು ತಡೆದರು. "ಏನಪ್ಪಾ, ಆ ಹುಡುಗಿ ಬದುಕೇ ಇದ್ದಾಳಂತೆ? ನೀನು ಹಾಕಿದ್ದೀಯ ಅಂತ ಮೊಮ್ಮಗ ಓದಿ ಹೇಳಿದ. ನಾಲ್ಕು ದಿನದಿಂದ ಅವಳ ಆತ್ಮಕ್ಕೆ ಜಪಸರ ಹೇಳ್ತಿದ್ದೀನಲ್ಲಪ್ಪಾ!" ಸುತ್ತ ಇದ್ದವರು ನಕ್ಕರು, ನಾನೂ ನಕ್ಕೆ. ಆದರೆ "ನೀನು ಹಾಕಿದ್ದೀಯ ಅಂತ" ಎಂಬ ಮಾತು ಮನೆಗೆ ಬಂದ ಮೇಲೂ ಬಿಡಲಿಲ್ಲ. ಅಜ್ಜಿ ನಂಬಿದ್ದು ಟಿವಿಯನ್ನಲ್ಲ, ನನ್ನನ್ನು.

ಸುಸನ್ನಳ ಕಥೆ

ಈಗ ಬೈಬಲ್ ತೆರೆದು ದಾನಿಯೇಲನ ಗ್ರಂಥದ 13ನೇ ಅಧ್ಯಾಯವನ್ನು ಓದಿ. ತಪಸ್ಸುಕಾಲದ ಐದನೇ ವಾರದ ಸೋಮವಾರ ಪೂಜೆಯಲ್ಲಿ ಓದುವ ವಾಚನ ಅದು.

ಸುಸನ್ನ ಬಾಬಿಲೋನಿನಲ್ಲಿದ್ದ ದೈವಭಕ್ತೆ, ರೂಪವತಿ. ಇಬ್ಬರು ಹಿರಿಯರು ಅವಳ ಮೇಲೆ ಕಣ್ಣು ಹಾಕುತ್ತಾರೆ. ಅವಳು ಒಪ್ಪದಿದ್ದಾಗ, ಯುವಕನೊಬ್ಬನ ಜೊತೆ ತೋಟದಲ್ಲಿ ಕಂಡೆವೆಂದು ಸುಳ್ಳು ಹೇಳುತ್ತಾರೆ. ಸಭೆಯ ಮುಂದೆ ಅವಳ ಮುಸುಕು ತೆಗೆಸುತ್ತಾರೆ. ಅವಳ ರೂಪವನ್ನು ನೋಡಿ ಕಣ್ಣು ತಣಿಸಿಕೊಳ್ಳುವುದೇ ಅವರ ಉದ್ದೇಶವೆಂದು ಗ್ರಂಥವೇ ಹೇಳುತ್ತದೆ. ಹೇಳಿದವರು ಹಿರಿಯರು, ನ್ಯಾಯಾಧಿಪತಿಗಳು. ಜನ ಒಂದು ಪ್ರಶ್ನೆಯನ್ನೂ ಕೇಳದೆ ಅವಳಿಗೆ ಮರಣದಂಡನೆ ವಿಧಿಸುತ್ತಾರೆ.

ಆಗ ದಾನಿಯೇಲನೆಂಬ ಹುಡುಗ, ಈ ರಕ್ತದಲ್ಲಿ ನನಗೆ ಪಾಲಿಲ್ಲ ಎಂದು ಕೂಗುತ್ತಾನೆ. ಇಬ್ಬರು ಸಾಕ್ಷಿಗಳನ್ನೂ ದೂರ ದೂರ ನಿಲ್ಲಿಸಿ, ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ ಕೇಳುತ್ತಾನೆ: ಯಾವ ಮರದ ಕೆಳಗೆ ಕಂಡಿರಿ? ಒಬ್ಬ ಒಂದು ಮರ ಹೇಳುತ್ತಾನೆ, ಇನ್ನೊಬ್ಬ ಬೇರೊಂದು. ಸುಳ್ಳು ಅಲ್ಲೇ ಬಯಲಾಗುತ್ತದೆ.

ಈ ಕಥೆಯಲ್ಲಿ ಸುಳ್ಳು ಹೇಳಿದವರು ಇಬ್ಬರೇ. ಆದರೆ ಕಲ್ಲೆಸೆಯಲು ಸಿದ್ಧವಾಗಿದ್ದದ್ದು ಇಡೀ ಸಭೆ. ವಿಮೋಚನಾಕಾಂಡದ 23ನೇ ಅಧ್ಯಾಯದ ಮೊದಲ ಎರಡು ವಚನಗಳು ಇಬ್ಬರಿಗೂ ಅನ್ವಯಿಸುತ್ತವೆ. ಒಂದು ಸುಳ್ಳು ಸುದ್ದಿ ಹಬ್ಬಿಸುವುದನ್ನು ತಡೆಯುತ್ತದೆ. ಇನ್ನೊಂದು ಗುಂಪಿನ ಹಿಂದೆ ಹೋಗಿ ಕೆಟ್ಟದ್ದು ಮಾಡುವುದನ್ನು ತಡೆಯುತ್ತದೆ.

ಸಾಕ್ಷ್ಯ ಕೊಟ್ಟರೂ ಒಪ್ಪದ ಗುಂಪು

ಸುಸನ್ನಳ ಊರಿನವರು ಸತ್ಯ ಕಂಡಾಗಲಾದರೂ ಮನಸ್ಸು ಬದಲಿಸಿದರು. ಎಲ್ಲ ಗುಂಪುಗಳೂ ಹಾಗಿರುವುದಿಲ್ಲ.

ನಮ್ಮ ಯುವಜನರಲ್ಲಿ ಕೊರಿಯಾದ ಹಾಡು ಕೇಳುವವರು ಹಲವರಿದ್ದಾರೆ. ಅವರಿಗೆ 'ಎಪಿಕ್ ಹೈ' ತಂಡದ ಗಾಯಕ ಟ್ಯಾಬ್ಲೋ ಗೊತ್ತಿರಬಹುದು. ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು. 2010ರಲ್ಲಿ, ಅವರ ಪದವಿಯೇ ಸುಳ್ಳು ಎಂದು ಸಾಧಿಸಲು ಅಂತರ್ಜಾಲದಲ್ಲಿ ಒಂದು ಗುಂಪು ಹುಟ್ಟಿತು. ಅದರ ಸದಸ್ಯರ ಸಂಖ್ಯೆ ಲಕ್ಷ ದಾಟಿತು. ಅವರು ಅಂಕಪಟ್ಟಿ ತೋರಿಸಿದರೆ ಅದು ನಕಲಿ ಎಂದರು. ವಿಶ್ವವಿದ್ಯಾಲಯವೇ ದೃಢಪಡಿಸಿದರೆ, ಅದೇ ಹೆಸರಿನ ಬೇರೊಬ್ಬರ ಪದವಿ ಕದ್ದಿದ್ದಾರೆ ಎಂದರು. ಟಿವಿಯವರು ಅವರ ಜೊತೆ ಸ್ಟ್ಯಾನ್‌ಫರ್ಡಿಗೇ ಹೋಗಿ ಚಿತ್ರೀಕರಿಸಿದರೂ ಸಂಶಯ ನಿಲ್ಲಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಪೊಲೀಸರು ಪದವಿ ನಿಜವೆಂದು ಪ್ರಕಟಿಸಿದರು. 2012ರಲ್ಲಿ ಸೋಲ್ ನಗರದ ನ್ಯಾಯಾಲಯ ಆ ಗುಂಪಿನ ಹಲವರನ್ನು ಅಪರಾಧಿಗಳೆಂದು ತೀರ್ಮಾನಿಸಿ, ಕೆಲವರಿಗೆ ಜೈಲು ಶಿಕ್ಷೆ ವಿಧಿಸಿತು. ಆದರೆ ಅಷ್ಟರಲ್ಲಿ ಅವರ ಕುಟುಂಬದ ನೆಮ್ಮದಿ ಹಾಳಾಗಿತ್ತು, ಹಾಡಿನ ಕೆಲಸ ನಿಂತುಹೋಗಿತ್ತು.

ನಾನು ಬಿಎಸ್ಸಿ ಓದಿದವನು. ಏನೇ ಸಾಕ್ಷ್ಯ ಬಂದರೂ ಬದಲಾಗದ ಮಾತು ವಿಚಾರಣೆಯಲ್ಲ, ಹಟ ಎಂದು ನಮಗೆ ಕಲಿಸುತ್ತಾರೆ. "ನಾವು ಸತ್ಯ ಕೇಳುತ್ತಿದ್ದೇವೆ ಅಷ್ಟೇ" ಎನ್ನುವವರು ಉತ್ತರ ಸಿಕ್ಕ ಮೇಲೆ ಏನು ಮಾಡುತ್ತಾರೆ ಎಂಬುದನ್ನು ನೋಡಿದರೆ ಸಾಕು, ಅವರಿಗೆ ಬೇಕಾದದ್ದು ಸತ್ಯವೋ ಮನುಷ್ಯನ ಮಾನವೋ ತಿಳಿಯುತ್ತದೆ.

ಮೂರು ಬಗೆಯ ಪಾಪ

ಎಂಟನೇ ಕಟ್ಟಳೆಯನ್ನು ವಿವರಿಸುವಾಗ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಪರರ ಮಾನಕ್ಕೆ ಕುಂದು ತರುವ ಮೂರು ಪಾಪಗಳನ್ನು ಹೇಳುತ್ತದೆ.

ಮೊದಲನೆಯದು ದುಡುಕಿನ ತೀರ್ಪು: ಸಾಕಷ್ಟು ಆಧಾರವಿಲ್ಲದೆ ಪರರ ತಪ್ಪನ್ನು ನಿಜವೆಂದು ನಂಬುವುದು. ನಾನು ಹಾಕಿದ ಸುದ್ದಿಯಲ್ಲಿ ಯಾರ ಮೇಲೂ ಆರೋಪವಿರಲಿಲ್ಲ ನಿಜ. ಆದರೆ ಆಧಾರ ಕೇಳದೆ ನಂಬುವ ಆ ದುಡುಕು ಇದೇ ಆಗಿತ್ತು.

ಎರಡನೆಯದು ಪರರ ದೋಷವನ್ನು ಬಯಲಿಗೆಳೆಯುವುದು: ಸಂಗತಿ ನಿಜವೇ ಆಗಿದ್ದರೂ, ತಕ್ಕ ಕಾರಣವಿಲ್ಲದೆ, ಗೊತ್ತಿಲ್ಲದವರಿಗೆ ಹೇಳುವುದು. ನಟ ನಟಿಯರ ಸಂಸಾರದ ಜಗಳವನ್ನು ಹಂಚುವಾಗ "ಸುಳ್ಳೇನಲ್ಲವಲ್ಲ" ಎನ್ನುತ್ತೇವೆ. ನಿಜವಾದ ಮಾತ್ರಕ್ಕೆ ಅದು ಪಾಪವಲ್ಲ ಎಂದಾಗುವುದಿಲ್ಲ.

ಮೂರನೆಯದು ಸುಳ್ಳು ಅಪವಾದ. 2023ರ ನವೆಂಬರಿನಲ್ಲಿ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಅಂಟಿಸಿ ಹರಡಲಾಯಿತು. ಮರುವರ್ಷ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದ ಗುಂಟೂರಿನಲ್ಲಿ ಒಬ್ಬ ಯುವಕನನ್ನು ಬಂಧಿಸಿದರು. ಆತ ರಶ್ಮಿಕಾ ಅವರ ಅಭಿಮಾನಿ ಪುಟವನ್ನೇ ನಡೆಸುತ್ತಿದ್ದ, ಫಾಲೋವರ್‌ಗಳನ್ನು ಹೆಚ್ಚಿಸಿಕೊಳ್ಳಲು ಹೀಗೆ ಮಾಡಿದ ಎಂದು ಪೊಲೀಸರು ಹೇಳಿದರು. ಸುಸನ್ನಳ ಮುಸುಕು ತೆಗೆಸಿದ ಕಣ್ಣುಗಳೇ ಇಲ್ಲೂ ಕೆಲಸ ಮಾಡಿವೆ.

"ಅವರು ಸಿನಿಮಾದವರು, ಹೆಸರು ಮಾಡಿದವರು, ಇಷ್ಟಾದರೂ ಸಹಿಸಬೇಕು" ಎನ್ನುವವರಿದ್ದಾರೆ. ಸಿನಿಮಾ ಚೆನ್ನಾಗಿಲ್ಲ ಎನ್ನಬಹುದು. ಅವರು ಆಡಿದ ಮಾತನ್ನು ಒಪ್ಪದಿರಬಹುದು. ಆದರೆ ಟಿಕೆಟಿನ ಹಣ ಕೊಟ್ಟು ನಾವು ಕೊಂಡದ್ದು ಆಟವನ್ನು ಮಾತ್ರ. ಅವರ ದೇಹ, ಕುಟುಂಬ, ಸಾವು ಅದರಲ್ಲಿ ಸೇರಿಲ್ಲ. 2025ರ ಜುಲೈಯಲ್ಲಿ ಅದೇ ರಮ್ಯಾ, ತಮಗೆ ಅಶ್ಲೀಲ ಸಂದೇಶ ಮತ್ತು ಬೆದರಿಕೆ ಕಳಿಸಿದ 43 ಖಾತೆಗಳ ವಿವರ ಹಿಡಿದು ಬೆಂಗಳೂರು ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟರು. ಕೆಲವರ ಬಂಧನವೂ ಆಯಿತು. ಬಂಧಿತರಲ್ಲಿ ನಮ್ಮ ಪ್ರಾಯದ ಹುಡುಗರೂ ಇದ್ದರು. ಅಶ್ಲೀಲವಾದುದನ್ನು ಪ್ರಕಟಿಸುವುದು ಮಾತ್ರವಲ್ಲ, ರವಾನಿಸುವುದೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಅಪರಾಧ. "ನಾನು ಮಾಡಿದ್ದಲ್ಲ, ಬಂದದ್ದನ್ನು ಕಳಿಸಿದೆ" ಎಂಬ ಮಾತಿಗೆ ಕಾನೂನಿನಲ್ಲೂ ಬೆಲೆ ಇಲ್ಲ.

ಯಾವ ಮರದ ಕೆಳಗೆ?

ಹಾಗಾದರೆ ಏನು ಮಾಡಬೇಕು? ದಾನಿಯೇಲನು ಮಾಡಿದ್ದನ್ನೇ.

ಸಾಕ್ಷಿಗಳನ್ನು ಬೇರೆ ಬೇರೆ ನಿಲ್ಲಿಸಿ. ಒಂದೇ ಸುದ್ದಿ ಹತ್ತು ಗುಂಪುಗಳಲ್ಲಿ ಬಂದರೆ ಹತ್ತು ಸಾಕ್ಷಿಗಳಾದಂತಲ್ಲ. ಲ್ಯಾಬಿನಲ್ಲಿ ಪಕ್ಕದವನ ರೀಡಿಂಗ್ ನೋಡಿ ಬರೆದುಕೊಂಡರೆ ಅದು ಎರಡನೇ ಪ್ರಯೋಗವಾಗುವುದಿಲ್ಲ. ವಾಟ್ಸಾಪಿನಲ್ಲಿ ಮೆಸೇಜಿನ ಮೇಲೆ ಎರಡು ಬಾಣದ ಗುರುತು ಕಂಡರೆ ಅದು ಅನೇಕ ಕೈ ದಾಟಿ ಬಂದಿದೆ, ಬರೆದವರು ಕಳಿಸಿದವರಲ್ಲ ಎಂದು ತಿಳಿಯಿರಿ.

ಮೊದಲು ಹೇಳಿದವರು ಯಾರು, ಎಲ್ಲಿ, ಯಾವಾಗ ಎಂದು ಕೇಳಿ. ಉತ್ತರವಿಲ್ಲದ ಸುದ್ದಿ ನಿಮ್ಮಲ್ಲೇ ನಿಲ್ಲಲಿ.

ಸುದ್ದಿ ನಿಜವೇ ಆದರೂ ಇದನ್ನು ಹೇಳುವ ಅಗತ್ಯ ನನಗಿದೆಯೇ ಎಂದು ಕೇಳಿಕೊಳ್ಳಿ.

ಗಡಿಯಲ್ಲಿರುವ ನಮಗೆ ಇನ್ನೊಂದು ಹೊಣೆಯಿದೆ. ಹೊಸೂರು ಸೀಮೆಯ ನಮ್ಮ ಮನೆಗಳಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು. ಒಂದು ಭಾಷೆಯ ಗಾಳಿಸುದ್ದಿ ಇನ್ನೊಂದು ಭಾಷೆಗೆ ದಾಟುವುದು ನಮ್ಮಂಥವರ ಬೆರಳ ತುದಿಯಿಂದಲೇ. ತಮಿಳಿನಲ್ಲಿದ್ದ ಸುಳ್ಳಿಗೆ ನಾನು ಕನ್ನಡ ಕೊಟ್ಟಾಗ ಅದಕ್ಕೆ ನನ್ನ ಹೆಸರನ್ನೂ ಕೊಟ್ಟೆ. ನಾವು ಕೆಲವೇ ಕುಟುಂಬಗಳು, ಒಬ್ಬರನ್ನೊಬ್ಬರು ಬಲ್ಲವರು. ಆದ್ದರಿಂದಲೇ ನಮ್ಮಲ್ಲಿ ಸುಳ್ಳು ಬೇಗ ನಂಬಿಕೆ ಗಳಿಸುತ್ತದೆ.

ಅಳಿಸಿದರೆ ಸಾಲದು

ಮಾನಕ್ಕೆ ಮಾಡಿದ ಹಾನಿಯನ್ನು ಸರಿಪಡಿಸುವುದು ಕರ್ತವ್ಯವೆಂದು ಧರ್ಮೋಪದೇಶ ಗ್ರಂಥ ಹೇಳುತ್ತದೆ. ಪಾಪನಿವೇದನೆಯಲ್ಲಿ ಕ್ಷಮೆ ಸಿಕ್ಕರೂ ಆ ಕರ್ತವ್ಯ ಮುಗಿಯುವುದಿಲ್ಲ. ನಾನು ಅಳಿಸಿದಾಗ ನನ್ನ ಮೆಸೇಜ್ ಹೋಯಿತು, ಅಷ್ಟರಲ್ಲಿ ಬೇರೆಯವರು ಮುಂದೆ ಕಳಿಸಿದ್ದ ಪ್ರತಿಗಳು ಹೋಗಲಿಲ್ಲ. ಫೋನೇ ಇಲ್ಲದ ಅಜ್ಜಿಯ ಕಿವಿಯಿಂದಂತೂ ಹೋಗಲಿಲ್ಲ. ಸುಳ್ಳು ಎಲ್ಲಿಗೆ ಹೋಯಿತೋ ತಿದ್ದುಪಡಿಯೂ ಅಲ್ಲಿಗೇ, ಅದೇ ಹೆಸರಿನಲ್ಲಿ ಹೋಗಬೇಕು.

ಆ ಭಾನುವಾರ ಸಂಜೆ ಗುಂಪಿನಲ್ಲಿ ಬರೆದೆ: "ಬುಧವಾರ ನಾನು ಹಾಕಿದ ಸುದ್ದಿ ಸುಳ್ಳು. ವಿಚಾರಿಸದೆ ಹಾಕಿದೆ. ಕ್ಷಮಿಸಿ. ಯಾರಿಗೆ ಕಳಿಸಿದ್ದೀರೋ ಅವರಿಗೂ ದಯವಿಟ್ಟು ಹೇಳಿ." ಬರೆಯಲು ನಾಚಿಕೆಯಾಯಿತು. ಆದರೆ ಅಂದಿನಿಂದ ನಮ್ಮ ಗುಂಪಿನಲ್ಲಿ ಯಾರಾದರೂ ಸಿನಿಮಾ ಸುದ್ದಿ ಹಾಕಿದರೆ, ಕಿರಿಯರೇ "ಯಾವ ಮರ?" ಎಂದು ಕೇಳುತ್ತಾರೆ. ಮೊದಲು ಕೇಳಿಸಿಕೊಂಡವನು ನಾನೇ.

ಗುಂಪು ಚರ್ಚೆಗೆ

1. ಸುಸನ್ನಳನ್ನು ಖಂಡಿಸಿದ ಸಭೆಯ ತಪ್ಪೇನು? ಆ ಇಬ್ಬರು ಹಿರಿಯರ ತಪ್ಪಿಗೂ ಅದಕ್ಕೂ ಇರುವ ವ್ಯತ್ಯಾಸವೇನು?

2. ಕಲಾವಿದರ ಕೆಲಸವನ್ನು ವಿಮರ್ಶಿಸುವುದಕ್ಕೂ ಅವರನ್ನು ಪೀಡಿಸುವುದಕ್ಕೂ ನಡುವಿನ ಗೆರೆ ಎಲ್ಲಿದೆ?

3. ಕಳೆದ ತಿಂಗಳಲ್ಲಿ ನೀವು ಮುಂದೆ ಕಳಿಸಿದ ಯಾವುದಾದರೂ ಸುದ್ದಿಗೆ ತಿದ್ದುಪಡಿ ಬಾಕಿ ಇದೆಯೇ? ಇದ್ದರೆ ಅದನ್ನು ಇಂದೇ ಕಳಿಸಿ.

ಮುಂದಿನ ಸಭೆಗೆ ಬರುವಾಗ ಯಕೋಬನ ಪತ್ರದ 3ನೇ ಅಧ್ಯಾಯವನ್ನು ಓದಿಕೊಂಡು ಬನ್ನಿ. ನಾಲಿಗೆಯ ಬಗ್ಗೆ ಅಲ್ಲಿ ಹೇಳಿರುವುದನ್ನು ಹೆಬ್ಬೆರಳಿಗೂ ಸೇರಿಸಿ ಓದಿ.

— ಯುವಜನ ಸಂಚಾಲಕ