ಊರಿಗೆ ಮರಳಿದ ಮಗುವಿಗೆ

ಹರಿಹರಪುರ



ನಿನ್ನ ಹೆಸರು ಬರೆಯದೆ ಈ ಕಾಗದ ಶುರುಮಾಡಿದ್ದೇನೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸುತ್ತಿನ ಎಷ್ಟೋ ಮನೆಗಳಲ್ಲಿ ನಿನ್ನಂಥವರಿದ್ದಾರೆ. ಪದವಿ ಮುಗಿದಿದೆ, ಕೆಲಸ ಸಿಕ್ಕಿಲ್ಲ. ಅಥವಾ ಬೆಂಗಳೂರಿನ ಕೆಲಸ ಬಿಟ್ಟು ಬಂದಾಗಿದೆ. ಇಲ್ಲವೇ ಸರ್ಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತೇನೆ ಎಂದು ಕೋಣೆ ಸೇರಿ ವರ್ಷ ಕಳೆದಿದೆ. ರಾತ್ರಿ ಎರಡರವರೆಗೆ ಮೊಬೈಲು, ಬೆಳಿಗ್ಗೆ ಹತ್ತಕ್ಕೆ ಏಳುವುದು, ನೆಂಟರ ದನಿ ಕೇಳಿದರೆ ಬಾಗಿಲು ಹಾಕಿಕೊಳ್ಳುವುದು. ಮನೆಯವರು ಇದನ್ನು ಸೋಮಾರಿತನ ಅನ್ನುತ್ತಾರೆ. ನೀನೂ ಈಗ ಹಾಗೇ ನಂಬಿಕೊಂಡಿದ್ದೀಯ. ಆ ನಂಬಿಕೆ ತಪ್ಪು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಸ್ಟ್ರಿಯಾ ದೇಶದಲ್ಲಿ ಮಾರಿಯೆಂಥಾಲ್ ಎಂಬ ಹಳ್ಳಿ ಇದೆ. ಊರಿಗೆಲ್ಲ ಇದ್ದದ್ದು ಒಂದೇ ನೂಲಿನ ಕಾರ್ಖಾನೆ. 1930ರ ಹೊತ್ತಿಗೆ ಅದು ಮುಚ್ಚಿತು, ಹೆಚ್ಚುಕಡಿಮೆ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಮರೀ ಯಹೋಡಾ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ಅಲ್ಲಿನ ಜನರ ದಿನಚರಿಯನ್ನು ಹತ್ತಿರದಿಂದ ಗಮನಿಸಿ 1933ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಜನರ ಕೈಯಲ್ಲಿ ಈಗ ಬೇಕಾದಷ್ಟು ಹೊತ್ತಿತ್ತು. ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಅರ್ಧದಷ್ಟು ಇಳಿದುಹೋಯಿತು. ರಸ್ತೆಯಲ್ಲಿ ಗಂಡಸರ ನಡಿಗೆ ನಿಧಾನವಾಯಿತು. ಬೆಳಗಿನಿಂದ ಸಂಜೆಯವರೆಗೆ ಏನು ಮಾಡಿದಿರಿ ಎಂದರೆ ಹೇಳುವುದಕ್ಕೆ ಅವರಿಗೆ ಏನೂ ಹೊಳೆಯುತ್ತಿರಲಿಲ್ಲ. ನಿನ್ನೆಯವರೆಗೆ ಚುರುಕಾಗಿ ದುಡಿಯುತ್ತಿದ್ದ ಜನ ಅವರು. ಕೆಲಸ ಎಂದರೆ ಬರೀ ಸಂಬಳವಲ್ಲ. ದಿನಕ್ಕೊಂದು ಕಟ್ಟು, ನಾಲ್ಕು ಜನರ ಒಡನಾಟ, ತನ್ನಿಂದ ಏನೋ ಆಗುತ್ತಿದೆ ಎನ್ನುವ ತೃಪ್ತಿ ಎಲ್ಲವೂ ಅದರ ಜೊತೆ ಬರುತ್ತವೆ. ಕೆಲಸ ಹೋದರೆ ಅವೂ ಹೋಗುತ್ತವೆ. ಮಾರಿಯೆಂಥಾಲ್‌ನವರು ಸೋಮಾರಿಗಳಾಗಿದ್ದರೆ ಮಾತ್ರ ನೀನೂ ಸೋಮಾರಿ.

ಇನ್ನು ನಮ್ಮ ಸೀಮೆಯದೇ ಒಂದು ಕಷ್ಟ ಇದೆ. ಇಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಒಂದೊಂದು ತೋಟದ ತಲೆಗೆ ಒಂದೊಂದು ಮನೆ. ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ, ವಾರಗಟ್ಟಲೆ ಹೊರಗಿನ ಮುಖ ಕಾಣುವುದಿಲ್ಲ. ಹಿಂದೆಯೂ ಹೀಗೇ ಇತ್ತಲ್ಲ ಎಂದು ಹಿರಿಯರು ಕೇಳಬಹುದು. ಹಿಂದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗುವ ಮುಯ್ಯಾಳು ಪದ್ಧತಿ ಇತ್ತು. ಕೊಯ್ಲಿನ ಕಾಲದಲ್ಲಿ ಸುತ್ತಲಿನ ಹತ್ತಾರು ಜನ ಒಂದೇ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ರಾತ್ರಿಯವರೆಗೆ ಅಡಿಕೆ ಸುಲಿಯುತ್ತಿದ್ದರು. ಕೈ ಕೆಲಸ ಮಾಡುತ್ತಿದ್ದಂತೆ ಬಾಯಿ ಕಷ್ಟಸುಖ ಆಡುತ್ತಿತ್ತು. ಮಳೆಗಾಲಕ್ಕೆ ತಾಳಮದ್ದಲೆ ಇರುತ್ತಿತ್ತು. ಮನಸ್ಸು ಹಗುರ ಮಾಡಿಕೊಳ್ಳಬೇಕೆಂದು ಯಾರೂ ಅಲ್ಲಿಗೆ ಹೋಗುತ್ತಿರಲಿಲ್ಲ, ಆದರೂ ಹಗುರವಾಗುತ್ತಿತ್ತು. ಈಗ ಸುಲಿಯುವ ಯಂತ್ರ ಬಂದಿದೆ. ಮೈ ನೋವು ತಪ್ಪಿತು, ಅದು ಒಳ್ಳೆಯದೇ. ಆದರೆ ಆ ಜಗಲಿಯ ಕೂಟಕ್ಕೆ ಬದಲಿಯಾಗಿ ನಾವು ಬೇರೇನನ್ನೂ ಕಟ್ಟಿಕೊಳ್ಳಲಿಲ್ಲ. ನಿನ್ನ ಒಂಟಿತನದ ದೊಡ್ಡ ಪಾಲು ಅಲ್ಲಿಂದ ಬಂದದ್ದು.

ತೋಟದ ಸ್ಥಿತಿಯೂ ನಿನಗೆ ಗೊತ್ತು. ಹಳದಿ ಎಲೆ ರೋಗ ದಶಕಗಳಿಂದ ನಮ್ಮನ್ನು ತಿನ್ನುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಬಂದು ಉಳಿದ ಧೈರ್ಯವನ್ನೂ ಕಸಿದಿದೆ. ಸೊಸೈಟಿ ಸಾಲ ತೀರದ ಅಪ್ಪ ಬೆಳಿಗ್ಗೆ ‘ತೋಟದಲ್ಲಿ ಏನೂ ಇಲ್ಲ, ಹೊರಗೆ ಹೋಗಿ ಬದುಕಿಕೋ’ ಅನ್ನುತ್ತಾರೆ. ಸಂಜೆ ‘ನಾವು ಹೋದ ಮೇಲೆ ಇದನ್ನೆಲ್ಲ ನೋಡುವವರು ಯಾರು’ ಅನ್ನುತ್ತಾರೆ. ಎರಡೂ ಮಾತು ಅವರ ಭಯದಿಂದ ಹುಟ್ಟಿದವು. ಆದರೆ ಎರಡನ್ನೂ ಒಟ್ಟಿಗೆ ಹೊತ್ತವನು ಯಾವ ದಿಕ್ಕಿಗೂ ಹೆಜ್ಜೆ ಇಡಲಾರ. ಊರಿನಲ್ಲೇ ನಿಂತ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ ಎಂಬ ಸಂಕಟ ಬೇರೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ಮದುವೆಯಾಗದ ರೈತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದನ್ನು ಕೆಲವರು ನಗೆಯ ಸುದ್ದಿ ಮಾಡಿದರು. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಹೆಣ್ಣುಮಕ್ಕಳ ಪಾಡು ಇನ್ನೊಂದು ಬಗೆ: ಓದು ಮುಗಿಯುವ ಮೊದಲೇ ಜಾತಕ ಹೊರಡುತ್ತದೆ, ತನಗೇನು ಬೇಕು ಎಂದು ಹೇಳಿದರೆ ಬಾಯಿ ಜೋರು ಅನ್ನಿಸಿಕೊಳ್ಳಬೇಕು.

ಇದರ ಮೇಲೆ ಆ ಮೊಬೈಲು. ಮನುಷ್ಯ ತನ್ನನ್ನು ತನಗೆ ಸರಿಸಮಾನ ಅನ್ನಿಸುವವರ ಜೊತೆ ಅಳೆದುಕೊಳ್ಳುತ್ತಾನೆ ಎಂದು ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಬರೆದ. ಕೋಟ್ಯಧೀಶನ ಬಂಗಲೆ ನೋಡಿ ನಿನಗೆ ನೋವಾಗುವುದಿಲ್ಲ. ಪಕ್ಕದ ಬೆಂಚಿನಲ್ಲಿ ಕೂತಿದ್ದ ಗೆಳತಿ ಹೊಸ ಕಂಪನಿಯ ಗುರುತಿನ ಚೀಟಿ ಹಾಕಿಕೊಂಡು ನಿಂತ ಫೋಟೋ ನೋವು ಮಾಡುತ್ತದೆ. ಆ ಫೋಟೋದಲ್ಲಿ ಅವಳ ಪಿ.ಜಿ. ಕೋಣೆ ಇಲ್ಲ, ಅವಳ ನಿದ್ದೆಗೆಟ್ಟ ರಾತ್ರಿ ಇಲ್ಲ. ನೀನು ನಿನ್ನ ಪೂರ್ತಿ ದಿನವನ್ನು ಅವಳ ಒಂದು ಕ್ಷಣದ ಎದುರು ತೂಗುತ್ತೀಯ.

ಹಾಗಾದರೆ ಎಲ್ಲ ತಪ್ಪೂ ಹೊರಗಿನದು, ನನ್ನ ಕೈಯಲ್ಲಿ ಏನೂ ಇಲ್ಲ ಎಂದುಕೊಳ್ಳಬೇಡ ಮಗೂ. ಕಾರಣ ಗೊತ್ತಾದರೆ ಎಲ್ಲಿ ಕೈ ಹಾಕಬೇಕು ಎಂಬುದು ತಿಳಿಯುತ್ತದೆ. ನಾನು ಹೇಳುವುದು ನಾಲ್ಕೇ ಮಾತು.

ಮೊದಲನೆಯದು, ಏಳುವ ಹೊತ್ತು. ನಿದ್ದೆ ಬರುವ ಹೊತ್ತು ನಿನ್ನ ಹಿಡಿತದಲ್ಲಿಲ್ಲ, ಏಳುವುದು ಇದೆ. ಎಷ್ಟಕ್ಕೆ ಮಲಗಿದರೂ ದಿನಾ ಒಂದೇ ಹೊತ್ತಿಗೆ ಏಳು, ಎದ್ದ ಕೂಡಲೇ ಅಂಗಳಕ್ಕಾದರೂ ಬಂದು ಬೆಳಕಿನಲ್ಲಿ ನಿಲ್ಲು. ನಮ್ಮ ಒಳಗಿನ ಗಡಿಯಾರ ಬೆಳಗಿನ ಬೆಳಕಿಗೆ ಹೊಂದಿಕೊಳ್ಳುತ್ತದೆ, ನಿದ್ದೆ ತಾನಾಗಿ ದಾರಿಗೆ ಬರುತ್ತದೆ.

ಎರಡನೆಯದು, ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆ ಎಂದು ಕಾಯಬೇಡ. ಖಿನ್ನತೆಯ ಚಿಕಿತ್ಸೆಯಲ್ಲಿ ಇದನ್ನೇ ತಿರುಗಿಸಿ ಹೇಳಿಕೊಡುತ್ತಾರೆ: ಮೊದಲು ಸಣ್ಣದೊಂದು ಕೆಲಸ, ಉತ್ಸಾಹ ಅದರ ಹಿಂದೆ ಬರುತ್ತದೆ. ಬಾವಿಕಟ್ಟೆ ತೊಳೆಯುವುದು, ಪಕ್ಕದ ಮನೆಯ ಮಗುವಿಗೆ ಲೆಕ್ಕ ಹೇಳಿಕೊಡುವುದು, ಅಪ್ಪ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲೆಸುವಾಗ ಹತ್ತಿರ ನಿಲ್ಲುವುದು, ಯಾವುದಾದರೂ ಸರಿ. ಅದು ಇನ್ನೊಬ್ಬರಿಗೆ ಉಪಯೋಗವಾಗುವಂತಿರಲಿ.

ಮೂರನೆಯದು, ವಾರಕ್ಕೊಮ್ಮೆ ನಾಲ್ಕು ಜನರ ಮುಖ ನೋಡು. ವಾಲಿಬಾಲ್ ಆಗಲಿ, ಯಕ್ಷಗಾನ ಕಲಿಯುವುದಾಗಲಿ, ಸಂಘದ ಶ್ರಮದಾನವಾಗಲಿ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಒಂಟಿತನದಿಂದ ನರಳುತ್ತಿದ್ದಾರೆ, ಅವರಲ್ಲಿ ಎಳೆಯರೂ ಬಹಳ. ಸಂಜೆಯ ಕುಡಿತದ ಗುಂಪನ್ನು ಮಾತ್ರ ಇದಕ್ಕೆ ಸೇರಿಸಬೇಡ. ಅಲ್ಲಿ ಬೇಸರ ಆ ರಾತ್ರಿಗೆ ಅಡಗುತ್ತದೆ, ಬೆಳಗಾದರೆ ದುಪ್ಪಟ್ಟಾಗಿ ಏಳುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಎರಡು ವಾರ ಕಳೆದರೂ ಯಾವುದರಲ್ಲೂ ರುಚಿ ಹುಟ್ಟದಿದ್ದರೆ, ಊಟ ನಿದ್ದೆ ಕೆಟ್ಟರೆ, ಅದನ್ನು ಜ್ವರದಂತೆಯೇ ಕಾಯಿಲೆ ಎಂದು ತಿಳಿದು ವೈದ್ಯರಿಗೆ ತೋರಿಸು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಯಿತು. ನೂರು ವಯಸ್ಕರಲ್ಲಿ ಹತ್ತಕ್ಕೂ ಹೆಚ್ಚು ಜನಕ್ಕೆ ಆಗ ಮನಸ್ಸಿನ ಒಂದಲ್ಲ ಒಂದು ತೊಂದರೆ ಇತ್ತು, ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ನಿನ್ನ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಎಂದು ಕೇಳಿಕೋ. 14416ಕ್ಕೆ ಫೋನ್ ಮಾಡಿದರೆ ‘ಟೆಲಿ ಮಾನಸ್’ ಸಿಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸೇವೆ ಅದು. ಹಗಲು ರಾತ್ರಿ ಯಾವಾಗಲಾದರೂ, ಖರ್ಚಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಊರಿಗೆ ಗೊತ್ತಾದರೆ ಎಂಬ ಅಂಜಿಕೆ ಬೇಡ; 2017ರ ಮಾನಸಿಕ ಆರೋಗ್ಯ ಕಾಯಿದೆ ನಿನ್ನ ವಿಷಯ ಗುಟ್ಟಾಗಿರಬೇಕೆಂಬ ಹಕ್ಕನ್ನು ನಿನಗೆ ಕೊಟ್ಟಿದೆ. ಬದುಕೇ ಬೇಡ ಎನ್ನುವ ಯೋಚನೆ ಒಮ್ಮೆ ಸುಳಿದರೂ ಮಂಗಳವಾರದವರೆಗೆ ಕಾಯಬೇಡ. ಆ ಗಳಿಗೆಯಲ್ಲೇ ಮನೆಯವರನ್ನು ಎಬ್ಬಿಸು, ಆ ಸಂಖ್ಯೆ ಒತ್ತು.

ನೆರವು ಪಡೆಯುವುದು ಸಣ್ಣತನ ಎಂದುಕೊಳ್ಳುವವರಿಗೆ ನಮ್ಮ ತಾಲ್ಲೂಕಿನಲ್ಲೇ ಉತ್ತರವಿದೆ. ಕುವೆಂಪು ಹುಟ್ಟಿದ್ದು 1904ರಲ್ಲಿ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಕಾಡಿನ ಮನೆ ಬಿಟ್ಟು ಮೈಸೂರಿಗೆ ಓದಲು ಹೋದ ಹುಡುಗ ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆದ. ನಿನ್ನ ಭಾಷೆಯಲ್ಲಿ ಬರೆ ಎಂದು ಹೇಳಲು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಬೇಕಾಯಿತು. ಕಾಯಿಲೆ ಬಿದ್ದಾಗ ರಾಮಕೃಷ್ಣಾಶ್ರಮಕ್ಕೆ ಕರೆದೊಯ್ದು ನೋಡಿಕೊಳ್ಳಲು ಸ್ವಾಮಿ ಸಿದ್ಧೇಶ್ವರಾನಂದರು ಬೇಕಾದರು. ಅಂಥ ಪ್ರತಿಭೆಗೂ ಇನ್ನೊಬ್ಬರ ಆಸರೆ ಬೇಕಾಗಿತ್ತು.

ಅಪ್ಪ ಅಮ್ಮನಿಗೆ ಹೇಳಲು ಬಾಯಿ ಬಾರದಿದ್ದರೆ ಈ ಕಾಗದವನ್ನೇ ಅವರ ಕೈಗೆ ಕೊಡು. ಅವರಿಗೆ ನನ್ನದೊಂದು ವಿನಂತಿ: ಮಗು ಊಟಕ್ಕೆ ಕೂತಾಗ ‘ಮುಂದೇನು’ ಎಂದು ಕೇಳುವುದನ್ನು ಒಂದು ತಿಂಗಳು ನಿಲ್ಲಿಸಿ, ಅದರ ಬದಲು ತೋಟಕ್ಕೆ ಜೊತೆಯಲ್ಲಿ ಕರೆದುಕೊಂಡು ಹೋಗಿ.

ನಿನಗೆ ಹೇಳುವುದು ಇಷ್ಟೇ. ನಾಳೆ ಬೆಳಿಗ್ಗೆ ಏಳಕ್ಕೆ ಎದ್ದು, ಬಹಳ ದಿನದಿಂದ ಮಾತಾಡದ ಸ್ನೇಹಿತರೊಬ್ಬರಿಗೆ ಫೋನ್ ಮಾಡು. ಚೆನ್ನಾಗಿದ್ದೇನೆ ಎಂದು ಸುಳ್ಳು ಹೇಳಬೇಡ. ಹೇಗಿದ್ದೀಯೋ ಹಾಗೆ ಹೇಳು. ಆಸ್ಪತ್ರೆಗೆ ಹೋಗಲು ಜೊತೆ ಬೇಕಾದರೆ ಅವರನ್ನೇ ಕೇಳು, ಬರುತ್ತಾರೆ.

ಇತಿ ನಿನ್ನ ಹಿತ ಬಯಸುವ
ಊರಿನ ಹಿರಿಯ ಜೀವ